ಕುಂಕುಮವಿಟ್ಟ ಕೀಬೋರ್ಡು

ಆಯುಧಪೂಜೆಯ ದಿನ ಈಳಿಗೆಮಣೆ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಒಂದು ಹಳೆಯ ಕೀಬೋರ್ಡಿಗೂ ನಾನು ಕುಂಕುಮವಿಡುತ್ತೇನೆ. ನಮ್ಮವರ ಆಫೀಸಿನಲ್ಲಿ ಹಳೆಯದನ್ನೆಲ್ಲ ವಿಲೇವಾರಿ ಮಾಡಿದಾಗ ಮನೆಗೆ ಬಂದದ್ದು. ಮಾಸಿದ ಮಜ್ಜಿಗೆಯ ಬಣ್ಣ, ಎತ್ತಿದರೆ ಕೈ ಜಗ್ಗುವ ಭಾರ. ಒಂದೊಂದು ಕೀಲಿಯಡಿಯಲ್ಲೂ ಪುಟ್ಟ ಸ್ವಿಚ್ಚು, ಸ್ಪ್ರಿಂಗು. ಒತ್ತಿದರೆ ‘ಟಕ್’ ಎಂದು, ಅಕ್ಷರ ಬಿತ್ತೆಂದು ಬೆರಳಿಗೇ ಹೇಳುತ್ತದೆ. ಯಲಹಂಕದ ನಮ್ಮ ಭಜನಾ ಮಂಡಳಿಗೆ ಹಾಡುಗಳನ್ನು ಟೈಪು ಮಾಡಿಕೊಡುವ ನನಗೆ ಒಂದು ಕಣ್ಣು ಮಂಜು. ದೇವರು ಅದನ್ನು ಮಬ್ಬು ಮಾಡಿ, ಬದಲಿಗೊಂದನ್ನು ಬೆರಳ ತುದಿಯಲ್ಲಿಟ್ಟನಲ್ಲ ಎಂದು ಕೈಮುಗಿದವಳು ನಾನು.

ಹೋದ ವರ್ಷ ಆ ಕೀಬೋರ್ಡನ್ನು ನಮ್ಮವರು ಗುಜರಿಯವನಿಗೆ ಕೊಟ್ಟುಬಿಟ್ಟರು. ಅದೂ ಯಾವಾಗ? ಪೂಜೆಯ ದಿನವೇ, ನಾನು ಮಂಡಳಿಗೆ ಹೋಗಿದ್ದಾಗ. ಪೂಜೆಗಿಟ್ಟದ್ದನ್ನು ವಿಜಯದಶಮಿಯ ಮಂಗಳಾರತಿಯ ತನಕ ಕದಲಿಸಬಾರದೆಂದು ನನಗೆ ಕಲಿಸಿದ್ದೇ ಇವರ ತಾಯಿ. ತಿರುಗಿ ಬಂದರೆ ಮಣೆಯ ಮೇಲೆ ಚಪ್ಪಟೆಯಾದ, ಉಸಿರೆತ್ತದ ಹೊಸದೊಂದು.

“ನಿಂಗೋಸ್ಕರಾನೇ ತಂದೆ ಕಣೇ. ಅದರ ಟಕ ಟಕ ಕೇಳಿ ಕೇಳಿ ತಲೆನೋವು ಬಂದಿತ್ತು,” ಎಂದರು, ದಿನವಿಡೀ ಟೀವಿಯ ಜಗಳವನ್ನು ಬೀದಿಗೆಲ್ಲ ಕೇಳಿಸುವ ಮಹಾನುಭಾವರು.

ನೋಡಿ, ಕುಕ್ಕರು ಎಷ್ಟು ಕೂಗಿದರೂ ಯಾರಿಗೂ ತಲೆನೋವಿಲ್ಲ, ಅದು ಅವರ ಊಟದ ಸದ್ದು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನದೇ ಕೆಲಸಕ್ಕೆಂದು ಇದ್ದದ್ದು ಅದೊಂದೇ ಸದ್ದು. ಅದೇ ಇವರಿಗೆ ಹೆಚ್ಚಾಯಿತು. ಹೊಸದರಲ್ಲಿ ಒತ್ತಿದ ಹಾಡಿನಲ್ಲಿ ಎಷ್ಟೋ ಅಕ್ಷರ ಬಿದ್ದೇ ಇರಲಿಲ್ಲ. ಮಂಡಳಿಯವರು ದೇವರೆದುರು ಹಾಡುತ್ತ ಹಾಡುತ್ತ ತಡವರಿಸಿ ನಿಂತಾಗ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಗುಜರಿಯವನನ್ನು ಹಿಡಿದು ಕೇಳಿದೆ. ಆರ್.ಟಿ. ನಗರದಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡುವ ಸಾಹೇಬರೊಬ್ಬರಿಗೆ ಮಾರಿದ್ದನಂತೆ. ಬಸ್ಸು ಹತ್ತಿ ಹೋದೆ. ಅಂತಹ ಸ್ವಿಚ್ಚು ಈಗ ಸುಲಭಕ್ಕೆ ಸಿಗದು, ಕೇಳುವವರು ಬಹಳ ಎಂದ ಸಾಹೇಬರು, ಮೇಲಿನ ಕಪಾಟಿನಿಂದ ನನ್ನದನ್ನು ಇಳಿಸಿದರು. ಕುಂಕುಮ ಹಾಗೇ ಇತ್ತು.

“ಒರೆಸೋಕೆ ಮನಸ್ಸು ಬರ್ಲಿಲ್ಲ ಅಕ್ಕಾ. ಪೂಜೆ ಮಾಡಿರೋರು ಕೇಳ್ಕೊಂಡು ಬಂದೇ ಬರ್ತಾರೆ ಅಂತ ಇಟ್ಟಿದ್ದೆ.”

ನಮ್ಮ ಮನೆಯೊಳಗಿನ ಕಣ್ಣಿಗೆ ಕಾಣದ ಕುಂಕುಮ ಆ ಅಂಗಡಿಯಲ್ಲಿ ಕಂಡಿತಲ್ಲ. ದೇವರ ದಯೆ ದೊಡ್ಡದು. ಸಿಟ್ಟು ಮಾತ್ರ ಇಳಿದಿಲ್ಲ, ಇಳಿಸುವ ಹರಕೆಯನ್ನೂ ನಾನು ಹೊತ್ತಿಲ್ಲ.

ಈ ವರ್ಷವೂ ಮಣೆ ತೊಳೆದು ಕೀಬೋರ್ಡನ್ನಿಟ್ಟು, ಕುಂಕುಮ ಹಚ್ಚಿ ದಾಸವಾಳ ಮುಡಿಸಿದ್ದೇನೆ. ಪಕ್ಕದಲ್ಲಿ ಟೀವಿಯ ರಿಮೋಟಿಗೂ ಒಂದು ಹೂವು. ನಮ್ಮವರು ಎರಡು ಸಲ ಬಂದು ನೋಡಿ, ಕೈ ಚಾಚಿ, ನನ್ನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡು ಹೋದರು. ನಾಳೆ ಮಂಗಳಾರತಿಯಾಗಲಿ. ಪದ್ಧತಿ ಇವರ ತಾಯಿಯದೇ.