ನಮ್ಮ ಬೀಗಿತ್ತಿಯ ಗಾಜಿನ ನೀರು

ಅವರ ಬಲಗೈ ಬೆರಳುಗಳ ತುದಿ ಸದಾ ನೀರಲ್ಲಿ ನೆನೆದು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳನ್ನು ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಎಳೆಯುವರು. ಕೀಚ್ ಎಂದು ಸದ್ದು ಬಂದರೆ ಗಾಜು ಶುದ್ಧ. ಸದ್ದಿಲ್ಲದೆ ಬೆರಳು ಜಾರಿದರೆ "ಇನ್ನೂ ಜಿಡ್ಡದೆ" ಎಂದು ಮತ್ತೆ ಬಕೆಟ್ಟಿಗೆ ಕೈ ಹಾಕುವರು. ಬೆಳ್ಳೂರು ಕ್ರಾಸಿನಲ್ಲಿ ಕಾರು, ಬಸ್ಸು ತೊಳೆಯುವ ಶೆಡ್ಡು ಅವರದು. ನನಗೆ ಅವರು ಬೀಗಿತ್ತಿ, ಅಂದರೆ ನನ್ನ ಸೊಸೆಯ ತಾಯಿ.

ಇದನ್ನು ಈಗ ಎದೆಯುಬ್ಬಿಸಿ ಹೇಳುತ್ತೇನೆ. ಆಗ ಹೇಳುತ್ತಿರಲಿಲ್ಲ. ಹೊಣಕೆರೆ ಕಡೆ ನಮಗೆ ಹೊಲಗದ್ದೆಯಿದೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನಾಗಮಂಗಲದಲ್ಲಿ ಬಾಡಿಗೆ ಕಾರು ಓಡಿಸಿದವನು. ಬೀಗರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಹೇಮಗಿರಿ ಹತ್ತಿರ ಜಮೀನಿದೆ" ಎನ್ನುತ್ತಿದ್ದೆ. ಗಂಡ ತೀರಿದ ಮೇಲೆ ಆ ಜಮೀನನ್ನು ಮೈದುನರಿಗೆ ಒಪ್ಪಿಸಿ, ಆ ಹೆಂಗಸು ಹೆದ್ದಾರಿ ಬದಿಯಲ್ಲಿ ಕಂಡವರ ಕಾರು ತೊಳೆಯುತ್ತಾರೆಂಬುದನ್ನು ನುಂಗಿಬಿಡುತ್ತಿದ್ದೆ.

ಸಂಬಂಧ ನಿಶ್ಚಯವಾಗುವ ಮುಂಚೆ ಅವರ ಕಡೆಯವರು ನಮ್ಮ ಮನೆ ನೋಡಲು ಬಂದರು. ಗಂಡಸರು ಕೊಟ್ಟಿಗೆ, ಪಂಪ್‌ಸೆಟ್ಟು ನೋಡಿದರು. ಇವರು ಹಜಾರದ ಕಿಟಕಿಯ ಬಳಿ ನಿಂತು ಬೆರಳಾಡಿಸಿದರು.

"ನಿಮ್ಮ ಬೋರ್ ನೀರು ಗಡಸು ಅಲ್ವಾ ಗೌಡ್ರೆ?"

"ಯಾರಂದ್ರು?" ಎಂದೆ.

"ನಿಮ್ಮ ಕಿಟಕೀನೇ ಏಳ್ತಾ ಅದೆ. ಬೆಳ್ಳಗೆ ಚುಕ್ಕಿ ಕೂತದೆ. ಈ ನೀರಲ್ಲಿ ತಲೆ ತೊಳ್ಕಂಡ್ರೆ ನನ್ನ ಮಗಳ ಕೂದ್ಲು ತೆಂಗಿನ ನಾರಾಯ್ತದೆ."

ನಮ್ಮ ಚಿಕ್ಕಪ್ಪ ನಕ್ಕು, "ಅಂಗಾರೆ ಹೆಣ್ಣು ಕೊಡಾಕಿಲ್ವಾ ತಾಯಿ?" ಎಂದರು.

"ಹೆಣ್ಣೂ ಕೊಡ್ತೀನಿ, ಗಾಜಿಗೆ ಔಸ್ದೀನೂ ಕೊಡ್ತೀನಿ ಬುಡಿ."

ಕೊಟ್ಟರು. ಮದುವೆಯಾಗಿ ಸೊಸೆ ಬಂದಾಗ ಅವಳ ಪೆಟ್ಟಿಗೆಯ ಜೊತೆ ಎರಡು ಬಾಟಲಿ ಬಂದವು. ಕುತ್ತಿಗೆಗೆ ಹಸಿರು ದಾರ ಕಟ್ಟಿದ್ದು ಮನೆಗೆ. ವಿನೆಗರಿಗೆ ನೀರು ಬೆರೆಸಿದ್ದು, ಅಷ್ಟೇ. ನನ್ನ ಹೆಂಡತಿ ವರ್ಷಗಟ್ಟಲೆ ಉಜ್ಜಿ ಸೋತಿದ್ದ ಬಿಳಿ ಚುಕ್ಕಿಗಳು ಅದರಲ್ಲಿ ನೆನೆದು ಬಿಟ್ಟುಕೊಂಡವು. ಕೆಂಪು ದಾರದ್ದು ನನ್ನ ಕಾರಿಗೆ, ತೆಳು ಸೋಪಿನ ನೀರು.

ಔಷಧಿ ಆರಿಸುವುದರಲ್ಲಿ ಅವರಂಥ ಹಟಮಾರಿಯನ್ನು ನಾನು ಕಂಡಿಲ್ಲ. ಕಂಪನಿ ಮಾರಾಟಗಾರರು ನೀಲಿ, ಹಸಿರು ನೀರಿನ ಡಬ್ಬ ಹಿಡಿದು ಶೆಡ್ಡಿಗೆ ಬರುತ್ತಿದ್ದರು. ಇವರು ಮೊದಲು ಮೂಸುವರು. ಮೂಗಿಗೆ ಚುರ್ರೆಂದರೆ ಅದರಲ್ಲಿ ಅಮೋನಿಯಾ ಇದೆ ಎಂದು ಲೆಕ್ಕ.

"ಇದು ಮನೆ ಕಿಟ್ಕಿಗೆ ಇರ್ಲಿ. ಕಾರಿನ ಗಾಜಿಗೆ ಫಿಲಂ ಅಂಟ್ಸಿರ್ತಾರೆ, ಬೊಬ್ಬೆ ಎದ್ದೋಯ್ತದೆ."

"ಅಮ್ಮ, ಇದು ಎಲ್ಲದಕ್ಕೂ ಆಗುತ್ತೆ," ಎಂದನಂತೆ ಒಬ್ಬ.

"ಎಲ್ಲಾದ್ಕೂ ಆಗೋದಾದ್ರೆ ನಿನ್ ತಲೆಗೂ ಒಂಚೂರು ಆಕ್ಕಳಪ್ಪ, ನೋಡ್ತೀನಿ."

ಕಾರಿಗೆ ಅವರದು ಬೇರೆ ಕ್ರಮ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಬೇಕು. ಒಣ ಬಟ್ಟೆ ಹಾಕಿದರೆ ಆ ಮಣ್ಣೇ ಗಾಜನ್ನು ಗೀರುತ್ತದೆ. ಆಮೇಲೆ ತೆಳು ಸೋಪಿನ ನೀರು, ಮತ್ತೆ ಬರೀ ನೀರು. ಸೋಪು ಉಳಿದರೆ ಅದೂ ಜಿಡ್ಡಿನಷ್ಟೇ ಕೆಟ್ಟದ್ದು. ನೀರು ಒಣಗಿ ಕಲೆ ಕೂರುತ್ತದೆಂದು ಬಿಸಿಲಲ್ಲಿ ನಿಂತ ಕಾರಿನ ಗಾಜನ್ನು ಮುಟ್ಟುತ್ತಲೇ ಇರಲಿಲ್ಲ. ಎಷ್ಟೇ ಅವಸರದ ಗಿರಾಕಿಯಾದರೂ "ನೆಳ್ಳಿಗೆ ತಗೊಂಬಾ" ಎನ್ನುವರು.

ಮಗನ ಮದುವೆಯಾದ ವರ್ಷ ಆಯುಧಪೂಜೆಯ ಬೆಳಿಗ್ಗೆ ಅವರ ಶೆಡ್ಡಿನಲ್ಲೇ ಕಾರು ತೊಳೆಸಿದೆ. ಪೂಜೆಗೆಂದು ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ, ಮುಂದಿನ ಗಾಜಿನ ನಡುವೆ ಉದ್ದಕ್ಕೆ ದಪ್ಪ ತ್ರಿಶೂಲ ಬರೆದೆ. ಅವರು ಬಟ್ಟೆ ಹಿಡಿದು ಬಂದರು.

"ಬೀಗ್ರೆ, ಗಾಜಿನ ಮೇಲೆ ಬ್ಯಾಡ. ದೇವ್ರು ಬಾನೆಟ್ ಮೇಲೂ ಕೂರ್ತಾನೆ. ಒರುಸ್ಬುಡ್ಲಾ?"

ನಾನು ಅವರ ಕೈ ತಡೆದೆ. "ನೀವು ಕುಂಕುಮ ಮುಟ್ಬೇಡಿ," ಎಂದೆ. ಗಂಡ ಸತ್ತವಳು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರು ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹಾಕಿ, ಮುಂದಿನ ಕಾರಿನ ಕಡೆ ಹೋದರು.

ಮಾರನೆಯ ಸಂಜೆ ಒಂದು ಸಂಸಾರವನ್ನು ಕೂರಿಸಿಕೊಂಡು ಕೆ.ಆರ್. ಪೇಟೆ ಕಡೆ ಹೊರಟಿದ್ದೆ. ನಾಲ್ಕು ಹನಿ ಬಿತ್ತೆಂದು ವೈಪರ್ ಹಾಕಿದೆ. ಅದು ತ್ರಿಶೂಲವನ್ನು ಗಾಜಿನ ತುಂಬ ಬಳಿಯಿತು. ಅಷ್ಟರಲ್ಲಿ ಮೋಡ ಸರಿದು ಇಳಿಬಿಸಿಲು ನೇರ ಮುಖಕ್ಕೆ ಹೊಡೆಯಿತು. ಗಾಜೆಲ್ಲ ಕೆಂಪು ಪರದೆಯಾಯಿತು, ರಸ್ತೆಯೇ ಕಾಣಲಿಲ್ಲ. ಬ್ರೇಕ್ ಒತ್ತುವ ಮುಂಚೆ ಕಾರು ಹಾಲಿನ ಡೇರಿಯ ಜಗಲಿಗೆ ಗುದ್ದಿತ್ತು. ಕ್ಯಾನುಗಳು ಉರುಳಿ ಹಾಲು ರಸ್ತೆಗೆ ಹರಿಯಿತು. ಹಿಂದೆ ಕೂತಿದ್ದ ಅಜ್ಜನ ಮಣಿಕಟ್ಟು ಮುರಿಯಿತು. ಕ್ಯಾನು ಇಟ್ಟು ಆಗತಾನೇ ಪಕ್ಕಕ್ಕೆ ಸರಿದಿದ್ದ ಒಬ್ಬ ಹೆಂಗಸು ಉಳಿದದ್ದು ಅವಳ ಪುಣ್ಯ.

ಜನ ಸುತ್ತಿಕೊಂಡರು. "ಏನ್ಲಾ, ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ?"

ನನ್ನ ಬಾಯಿಂದ ಬಂದ ಮಾತು ಇದು: "ನನ್ ತಪ್ಪಲ್ಲ ಕಣ್ರಪ್ಪ. ಬೆಳ್ಳೂರು ಕ್ರಾಸಲ್ಲಿ ಒಬ್ಳು ಅದೇನೋ ಔಷಧಿ ಹಾಕಿ ತೊಳೆದ್ಲು. ಗಾಜೆಲ್ಲ ಮಂಜಾಗೋಯ್ತು."

ಒಬ್ಬಳು. ನನ್ನ ಬೀಗಿತ್ತಿ ಎಂದು ಕೂಡ ಹೇಳಲಿಲ್ಲ.

ಆ ಮಾತು ಹಾಲಿನ ಲಾರಿ ಹತ್ತಿ ಊರೂರು ಸುತ್ತಿತು. ಡ್ರೈವರುಗಳು ಅವರ ಶೆಡ್ಡಿನ ಮುಂದೆ ನಿಧಾನಿಸದೆ ಹೋಗತೊಡಗಿದರು. ಕೆಲವೇ ದಿನಗಳಲ್ಲಿ ಅವರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ನೇರವಾಗಿ ಕಾರಿನ ಬಳಿ ಹೋಗಿ, ವೈಪರ್ ಮುಟ್ಟದ ಮೂಲೆಯಲ್ಲಿ ಬೆರಳು ಎಳೆದು ನನಗೆ ತೋರಿಸಿದರು. ಬೆರಳ ತುದಿ ಕೆಂಪಗಿತ್ತು.

"ಇದು ನನ್ ನೀರಾ, ಬೀಗ್ರೆ?"

ನಾನು ಹೆಗಲ ಟವೆಲಿನಿಂದ ಆ ಮೂಲೆಯನ್ನು ಒರೆಸಲು ಹೋದೆ.

"ಮಗ್ಳು ನಿಮ್ಮನೇಲವ್ಳೆ ಅಂತ ನಾನು ಬಾಯ್ ಮುಚ್ಕತೀನಿ ಅಂದ್ಕಬ್ಯಾಡಿ. ನಾನೇ ಏಳಿದ್ರೆ ಬೀಗರ ಜಗಳ ಅಂತಾರೆ. ನೀವ್ ಏಳಿದ್ರೆ ನಂಬ್ತಾರೆ. ನೀವೇ ಏಳಿ."

ಹೇಳಲಿಲ್ಲ. ನನ್ನ ಮಾತಿಗೆ ಕಾಯುತ್ತ ಅವರೂ ಕೂರಲಿಲ್ಲ. ಒಂದು ದಿನ ಹಾಸನದ ಕಡೆ ಹೋಗುವ ಬಸ್ಸೊಂದು ಶೆಡ್ಡಿನ ಎದುರಿನ ಹೋಟೆಲಿಗೆ ಬಂದು ನಿಂತಾಗ ಬಕೆಟ್ ಹಿಡಿದು ಅಡ್ಡ ನಿಂತರು. ನಾನು ಆ ಹೋಟೆಲಿನಲ್ಲೇ ಚಹಾ ಕುಡಿಯುತ್ತಿದ್ದೆ.

"ನಿಮ್ ನೀರು ಆಕಿದ್ರೆ ಮಂಜಾಯ್ತದಂತಲ್ಲಮ್ಮ?" ಎಂದ ಡ್ರೈವರು.

"ನಿನ್ ಕಡೆ ಗಾಜು ಮುಟ್ಟಾಕಿಲ್ಲ ಕಣ್ಲಾ. ಎಡಗಡೆ ಅರ್ಧ ತೊಳೀತೀನಿ. ನಿನ್ನರ್ಧದಲ್ಲೇ ನೋಡ್ಕಂಡು ಓಡ್ಸು. ಸೂರ್ಯ ಎದುರಿಗೆ ಬಂದಾಗ ಆ ಕಡೆ ಒಂದ್ಸಲ ಕಣ್ಣಾಕು."

ಅರ್ಧ ಗಾಜು ತೊಳೆಸಿಕೊಂಡು ಬಸ್ಸು ಹೋಯಿತು. ಮರುದಿನ ನಾನು ಬೇಕೆಂದೇ ಅದೇ ಬೆಂಚಿನ ಮೇಲೆ ಕೂತಿದ್ದೆ. ಬಸ್ಸು ಹೋಟೆಲಿಗೆ ಬರಲಿಲ್ಲ, ನೇರ ಶೆಡ್ಡಿನ ನೆರಳಿಗೆ ಹೋಗಿ ನಿಂತಿತು. ಡ್ರೈವರು ಇಳಿದು ತಲೆ ಕೆರೆದುಕೊಂಡ. "ಅಮ್ಮ, ಉಳಿದರ್ಧಾನೂ ತೊಳ್ದುಬುಡಿ."

ಕ್ರಾಸಿಗೆ ಕ್ರಾಸೇ ನಕ್ಕಿತು. ಚಹಾದವನಿಗೆ ನಾನು ನನಗರಿವಿಲ್ಲದೆ "ನಮ್ಮ ಬೀಗಿತ್ತಿ ಕಣಯ್ಯ" ಎಂದುಬಿಟ್ಟೆ. ಹಾಗೆಂದು ಹೇಳಿದ್ದು ಅದೇ ಮೊದಲು. ಮುಂದೆ ಪಾಂಡವಪುರ, ಶ್ರೀರಂಗಪಟ್ಟಣದ ಟ್ಯಾಕ್ಸಿಯವರು ಕೂಡ ಈ ದಾರಿಯಲ್ಲಿ ಬಂದರೆ ಅವರಲ್ಲೇ ಗಾಜು ತೊಳೆಸಿಕೊಂಡು, ಒಂದು ಕೆಂಪು ದಾರದ ಬಾಟಲಿ ಕೊಂಡೊಯ್ಯುತ್ತಿದ್ದರು.

ಹೆಸರು ವಾಪಸು ಬಂತು, ಇನ್ನು ನಾನು ಹೇಳುವುದೇನಿದೆ ಎಂದುಕೊಂಡೆ. ಅವರು ಹಾಗೆಂದುಕೊಳ್ಳಲಿಲ್ಲ. ಮೊಮ್ಮಗನ ನಾಮಕರಣದಲ್ಲಿ, ನೆಂಟರ ಮನೆಯ ಪಂಕ್ತಿಯಲ್ಲಿ, ಎಲ್ಲಿ ಎದುರಾದರೂ ನಗುತ್ತಲೇ ಕೇಳುವರು: "ಏಳಿದ್ರಾ ಬೀಗ್ರೆ?"

ಕೊನೆಗೂ ಹೇಳಿದೆ. ಎಷ್ಟೋ ವರ್ಷದ ಮೇಲೆ, ಇನ್ನೊಂದು ಆಯುಧಪೂಜೆಯ ದಿನ, ಶೆಡ್ಡಿನಲ್ಲಿ ಡ್ರೈವರುಗಳೆಲ್ಲ ಕಡಲೆಪುರಿ ತಿನ್ನುತ್ತ ನಿಂತಿದ್ದಾಗ. ಡೇರಿಗೆ ಗುದ್ದಿದ್ದು ನನ್ನ ಎಣ್ಣೆ ಕುಂಕುಮದಿಂದ, ಈ ತಾಯಿಯ ನೀರಿನಿಂದಲ್ಲ, ಆವತ್ತು ನಾನು ಸುಳ್ಳು ಹೇಳಿದ್ದೆ ಎಂದೆ. ಬೀಗಿತ್ತಿ ಬಕೆಟ್ ಕೆಳಗಿಟ್ಟು, "ಇನ್ನೊಸಿ ಜೋರಾಗಿ ಏಳಿ, ಇಂದ್ಗಡೆ ಟ್ಯಾಂಕರ್‌ನವ್ನಿಗೆ ಕೇಳುಸ್ನಿಲ್ಲ," ಎಂದರು.

ಇನ್ನೊಮ್ಮೆ ಹೇಳಿದೆ. ಆಮೇಲೆ ಅವರು ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟರು. ನಾನು ಅದನ್ನು ಅವರಿಗೇ ಹಿಂದಿರುಗಿಸಿ, "ನೀವೇ ಇಡಿ," ಎಂದೆ. ಅವರು ನನ್ನ ಕಾರಿನ ಬಾನೆಟ್ಟಿಗೆ ಒಂದೇ ಒಂದು ಬೊಟ್ಟು ಇಟ್ಟರು.

ಅವರು ತೀರಿಹೋಗಿ ಈಗ ಎರಡನೆಯ ವರ್ಷ. ಶೆಡ್ಡನ್ನು ನನ್ನ ಸೊಸೆ ನಡೆಸುತ್ತಾಳೆ. ಹೊಸ ಔಷಧಿ ಬಂದರೆ ಅವಳೂ ಮೊದಲು ಮೂಸುತ್ತಾಳೆ. ನಾನು ನೆರಳಲ್ಲಿ ಕೂತು ಬಾಟಲಿಗಳಿಗೆ ದಾರ ಕಟ್ಟುತ್ತೇನೆ. ಯಾರು ಕೇಳಲಿ, ಕೇಳದಿರಲಿ, ಇದು ನಮ್ಮ ಬೀಗಿತ್ತಿ ಕಟ್ಟಿದ ಶೆಡ್ಡು ಎನ್ನುತ್ತೇನೆ.

ಆದರೆ ಆ ಸಂಜೆ ಕೆ.ಆರ್. ಪೇಟೆ ದಾರಿಯಲ್ಲಿ, ಹಾಲು ಹರಿದ ರಸ್ತೆಯ ಮೇಲೆ ನನ್ನ ಸುಳ್ಳು ಕೇಳಿದ ಜನ ಶೆಡ್ಡಿನಲ್ಲಿ ಇರಲಿಲ್ಲ. ಅವರಲ್ಲಿ ಎಷ್ಟು ಮಂದಿ ಇಂದಿಗೂ ಅದನ್ನೇ ನಂಬಿದ್ದಾರೋ ತಿಳಿಯದು. ಅದಕ್ಕೇ ಬರೆದೆ. ಜೋರಾಗಿ ಹೇಳಿ ಎಂದಿದ್ದರು. ಇದಕ್ಕಿಂತ ಜೋರಾಗಿ ಹೇಳುವುದು ನನಗೆ ತಿಳಿಯದು.