ಮಂಗಳವಾರ ಆಫ್ ಮಾಡಬೇಡಿ

ಪದಬಂಧದಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಗಾಜು ಕತ್ತರಿಸುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಂಗಿಯ ಜೊತೆ ಇದ್ದಳು. ಹೊಟ್ಟೆಪಾಡಿಗೆ ಮಂಗಳವಾರ ಮತ್ತು ಗುರುವಾರ ಒಂದು ಮುದ್ರಣಾಲಯಕ್ಕೆ ಹೋಗಿ, ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುತ್ತಿದ್ದಳು. ‘ದಿನಕ್ಕೆ ಎರಡು’ ಎಂಬುದು ‘ದಿನಕ್ಕೆ ಹನ್ನೆರಡು’ ಎಂದು ಅಚ್ಚಾಗದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ. ಉಳಿದ ದಿನವೆಲ್ಲ ಪದಬಂಧಕ್ಕೆ. ಹತ್ತೊಂಬತ್ತು ವರ್ಷದಿಂದ ಒಂದು ವಾರಪತ್ರಿಕೆಗೆ ವಾರಕ್ಕೊಂದು ಪದಬಂಧ ಕಟ್ಟಿಕೊಡುತ್ತಿದ್ದಳು. ಜ್ವರ ಬಂದಾಗಲೂ, ಅಮ್ಮ ತೀರಿಕೊಂಡ ವಾರದಲ್ಲೂ ಒಂದನ್ನೂ ತಪ್ಪಿಸಿರಲಿಲ್ಲ.

ಬಹುಮಾನ ಗಿಹುಮಾನ ಏನೂ ಇರಲಿಲ್ಲ. ಎಲ್ಲ ಉತ್ತರ ಸರಿ ಬರೆದವರ ಹೆಸರು ಕೊನೆಯ ಪುಟದ ಮೂಲೆಯಲ್ಲಿ ಇರುವೆ ಸಾಲಿನಂತೆ ಅಚ್ಚಾಗುತ್ತಿತ್ತು, ಅಷ್ಟೆ. ಆ ಸಾಲಿನಲ್ಲಿ ‘ಸೀಸಕಡ್ಡಿ’ ಎಂಬ ಕಾವ್ಯನಾಮದವರೊಬ್ಬರು ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದರು. ಅವರು ಯಾರೆಂದು ಅಕ್ಕನಿಗೆ ತಿಳಿದದ್ದು ತನ್ನ ಕಂಪ್ಯೂಟರ್ ಕೆಟ್ಟ ವರ್ಷ.

ಕಂಪ್ಯೂಟರ್ ಪೂರ್ತಿ ಕೆಟ್ಟಿರಲಿಲ್ಲ, ಮುದಿಯಾಗಿತ್ತು. ಬೆಳಿಗ್ಗೆ ಬಟನ್ ಒತ್ತಿ ಸ್ನಾನ ಮುಗಿಸಿ ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು. ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಜನ ಸೇರಿ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ, ಹಗುರ ತಂತ್ರಾಂಶ ಹಾಕಿಕೊಡುತ್ತಾರೆ, ಹೊಸಬರಿಗೆ ಹೇಳಿಕೊಡುತ್ತಾರೆ ಎಂದು ಯಾರೋ ಹೇಳಿದರು. ಅಕ್ಕ ಅದನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿಕೊಂಡು, ತಂಗಿಯನ್ನು ಒಂದು ಕಡೆ ಹಿಡಿಸಿಕೊಂಡು ಹೋದಳು. ಗುಂಪಿಗೆ ಹಿರಿಯರು ಒಬ್ಬ ಮೇಷ್ಟ್ರು. ತಾಂತ್ರಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಹೆಂಡತಿ ಇಲ್ಲ, ಮಗಳು ಬೇರೆ ಊರಿನಲ್ಲಿ. ಅಕ್ಕನ ಫೈಲುಗಳನ್ನು ಕಂಡದ್ದೇ ತಡ, ಅವರ ಮುಖ ಅರಳಿತು.

“ಆ ಪದಬಂಧ ನಿಮ್ದೇನಾ? ನಾನು ಸೀಸಕಡ್ಡಿ.”

ಇಷ್ಟು ವರ್ಷ ಕಾಣದ ಯಾರಿಗೋ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದವಳಿಗೆ ಬಾಗಿಲು ತೆರೆದು ಒಬ್ಬರು ಹೊರಗೆ ಬಂದ ಹಾಗಾಯಿತು.

ಮೇಷ್ಟ್ರು ಲಿನಕ್ಸ್ ಹಾಕಿಕೊಟ್ಟರು. ಕಂಪ್ಯೂಟರ್ ಹರೆಯಕ್ಕೆ ಮರಳಿತು. ಮೊದಮೊದಲು ಕಾಟವೇನೂ ಕಡಿಮೆ ಇರಲಿಲ್ಲ. ಒಂದು ದಿನ ಸದ್ದು ಬರುತ್ತಿರಲಿಲ್ಲ, ಇನ್ನೊಂದು ದಿನ ಪ್ರಿಂಟರ್ ತನಗೆ ಸಂಬಂಧವೇ ಇಲ್ಲದಂತೆ ಕೂರುತ್ತಿತ್ತು, ಒತ್ತಕ್ಷರಗಳು ಕಾಲು ಮುರಿದುಕೊಂಡು ಪಕ್ಕಕ್ಕೆ ಬೀಳುತ್ತಿದ್ದವು. ಫೋನ್ ಮಾಡಿದರೆ ಮೇಷ್ಟ್ರು ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು. ಆದರೆ ಏನಾದರೂ ದೊಡ್ಡದನ್ನು ಬದಲಿಸಬೇಕಾದರೆ ಕಂಪ್ಯೂಟರ್ ರೂಟ್ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಯಜಮಾನನ ಬೀಗದಕೈ; ಅದಿದ್ದರೆ ಯಾವ ಕೋಣೆಗೂ ಹೋಗಬಹುದು, ಏನನ್ನೂ ಅಳಿಸಬಹುದು. ಅದನ್ನು ಮೇಷ್ಟ್ರು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು.

“ಇನ್ನೊಂದು ಮಾತು ಅಕ್ಕಾವ್ರೆ,” ಎಂದಿದ್ದರು ಅವರು. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರಾದರೂ ಎಲ್ಲರಂತೆ ಹಾಗೇ ಕರೆಯುತ್ತಿದ್ದರು. “ಮಂಗಳವಾರ ಆಫ್ ಮಾಡಬೇಡಿ. ಅವತ್ತು ಅದು ತಾನೇ ಅಪ್‌ಡೇಟ್ ಮಾಡ್ಕೊಳುತ್ತೆ.”

ಅಕ್ಕ ಮಂಗಳವಾರ ಅದನ್ನು ಹಾಗೇ ಬಿಟ್ಟು ಮುದ್ರಣಾಲಯಕ್ಕೆ ಹೋಗುತ್ತಿದ್ದಳು. ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರಿನಲ್ಲಿ ಕೂರುವವಳು, ಅವಳೂ ಎಂಟೂವರೆಗೆ ಹೊರಟುಬಿಡುತ್ತಿದ್ದಳು.

ಭಾನುವಾರದ ಗುಂಪಿನಲ್ಲಿ ಆಗಾಗ ಜೋರು ವಾದ ನಡೆಯುತ್ತಿತ್ತು. ಹೊಸಬರ ಕೈಗೆ ರೂಟ್ ಕೊಡಬೇಕೋ ಬೇಡವೋ? ಕೊಡಲೇಬೇಕು ಎನ್ನುತ್ತಿದ್ದವಳು ಲಿಫ್ಟ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳು. ಉಗುರಿನ ಸಂದಿಯಲ್ಲಿ ಸದಾ ಗ್ರೀಸ್, ಮಾತು ನೇರ.

“ಅವರ ಕಂಪ್ಯೂಟರು, ಅವರಿಗೇ ಬೀಗದಕೈ ಇಲ್ಲ ಅಂದ್ರೆ ಹೇಗೆ ಮೇಷ್ಟ್ರೆ?”

“ನೀನು ಲಿಫ್ಟಿನ ಮೋಟಾರು ಕೋಣೆ ಬೀಗ ಎಲ್ಲಾ ಬಾಡಿಗೆದಾರರಿಗೂ ಕೊಡ್ತೀಯೇನಮ್ಮ?”

“ಕೊಡಲ್ಲ. ಆದ್ರೆ ಲಿಫ್ಟು ಹತ್ತು ಮನೆಯವರದ್ದು. ಇದು ಒಬ್ಬರದ್ದು. ಒಬ್ಬರದ್ದು ಅಂದ್ಮೇಲೆ ಕೆಡಿಸೋ ಹಕ್ಕೂ ಅವರದ್ದೇ.”

“ಕೆಡಿಸಿಕೊಂಡು ಅಳ್ತಾ ಬಂದ್ರೆ ಸರಿ ಮಾಡೋನು ನಾನು.”

ಎಲ್ಲರೂ ನಕ್ಕರು. ಮೇಷ್ಟ್ರು ಅಕ್ಕನ ಕಡೆ ತಿರುಗಿ, “ನೀವೇ ಹೇಳಿ, ನಿಮಗೆ ಬೇಕಾ?” ಎಂದು ಕೇಳಿದರು. “ನನಗೆ ಬೇಡಪ್ಪ. ನಿಮ್ಮ ಹತ್ರ ಇದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ,” ಎಂದಳು ಅಕ್ಕ.

ಬೇಡ ಎಂದದ್ದಕ್ಕೆ ಕಾರಣವಿತ್ತು. ಲಿನಕ್ಸ್ ಬಂದ ಮೇಲೆ ಸೀಸಕಡ್ಡಿಯ ಹೆಸರು ಒಂದು ವಾರವೂ ತಪ್ಪದೆ ಬರತೊಡಗಿತ್ತು. ಮೊದಲು ಹೆಚ್ಚಿನ ಸಲ ಎರಡೋ ಮೂರೋ ತಪ್ಪು ಮಾಡುತ್ತಿದ್ದ ಮನುಷ್ಯ ಈಗ ಒಂದನ್ನೂ ಬಿಡುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ತಾವು ಹೇಗೆ ಬಿಡಿಸಿದೆವು ಎಂದು ಎಳೆಎಳೆಯಾಗಿ ಹೇಳುತ್ತಿದ್ದರು. “ಆ ಏಳನೇದು ಎರಡು ದಿನ ನನ್ನ ತಲೆ ತಿಂತು. ಆಮೇಲೆ ಹಲ್ಲುಜ್ಜುವಾಗ ಹೊಳೀತು ನೋಡಿ.” ಅಕ್ಕನಿಗೆ ಆ ಅರ್ಧ ಗಂಟೆಯೇ ವಾರದ ಫಲ. ಪರಿಚಯವಾದ ಮೇಲೆ ಇವರಿಗೆ ನನ್ನ ಮನಸ್ಸು ಓಡುವ ದಾರಿ ತಿಳಿದುಬಿಟ್ಟಿದೆ ಎಂದುಕೊಂಡಳು. ಸುಳಿವು ಬರೆಯುವಾಗ ಇದನ್ನು ಅವರು ಹೇಗೆ ನೋಡಬಹುದು, ಎಲ್ಲಿ ಎಡವಬಹುದು, ಎಲ್ಲಿ ನಗಬಹುದು ಎಂದು ಯೋಚಿಸುವಳು. ನಿಜ ಹೇಳಬೇಕೆಂದರೆ ಆ ಎರಡು ವರ್ಷದ ಪದಬಂಧಗಳನ್ನು ಅವಳು ಕಟ್ಟಿದ್ದು ಪತ್ರಿಕೆಗಲ್ಲ, ಒಬ್ಬ ಓದುಗನಿಗೆ.

“ಅಕ್ಕ, ನಿನ್ನ ಕೆನ್ನೆ ಭಾನುವಾರ ಮಾತ್ರ ಯಾಕೆ ಕೆಂಪಗಿರುತ್ತೆ?” ಎಂದು ತಂಗಿ ಕಾಲೆಳೆದರೆ, “ಮಹಡಿ ಹತ್ತಿ ಬರ್ತೀನಲ್ಲ ಕಣೆ,” ಎನ್ನುತ್ತಿದ್ದಳು.

ಮೇಷ್ಟ್ರು ಮಗಳ ಊರಿಗೆ ಹೋಗಿದ್ದ ಒಂದು ಶನಿವಾರ ಕಂಪ್ಯೂಟರ್ ಹಟ ಹಿಡಿಯಿತು. ಒಂದಕ್ಷರವನ್ನೂ ಉಳಿಸಲಾರೆ, ಜಾಗವಿಲ್ಲ ಎಂದಿತು. ಅಕ್ಕ ತನ್ನ ಹಳೆಯ ಚಿತ್ರಗಳನ್ನೆಲ್ಲ ಅಳಿಸಿದಳು; ಜಗ್ಗಲಿಲ್ಲ. ಉಳಿದದ್ದನ್ನು ಮುಟ್ಟಹೋದರೆ ರೂಟ್ ಪಾಸ್‌ವರ್ಡ್ ಕೊಡು ಎಂದಿತು. ಮೇಷ್ಟ್ರ ಫೋನ್ ಹತ್ತಲಿಲ್ಲ. ಸೋಮವಾರದೊಳಗೆ ಪದಬಂಧ ಕಳಿಸಬೇಕು. ಬೇರೆ ದಾರಿ ಕಾಣದೆ ಲಿಫ್ಟಿನವಳನ್ನು ಕರೆದಳು.

ಅವಳು ಮಧ್ಯಾಹ್ನ ಟೂಲ್ ಬ್ಯಾಗ್ ಸಮೇತ ಬಂದಳು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಏಳುವ ಹೊತ್ತಿಗೆ ಸರಿಯಾಗಿ ಒಂದು ಕೀಲಿ ಒತ್ತಿ ರಿಪೇರಿಯ ಬಾಗಿಲಿನಿಂದ ಒಳಹೊಕ್ಕಳು. “ಪೆಟ್ಟಿಗೆ ಎದುರಿಗೇ ಇದ್ಮೇಲೆ ಇದಕ್ಕೆ ಹಾಕಿರೋ ಬೀಗ ಅಷ್ಟರಲ್ಲೇ ಇದೆ ಅಕ್ಕ. ಈಗ ಹೊಸ ಪಾಸ್‌ವರ್ಡ್ ಹಾಕಿ. ನಾನು ನೋಡಲ್ಲ,” ಎಂದು ಗೋಡೆ ಕಡೆ ತಿರುಗಿ ನಿಂತಳು.

ಅಕ್ಕ ಹೆದರುತ್ತ ಟೈಪ್ ಮಾಡಿದಳು. ಜಾಗ ತಿಂದದ್ದು ಬೇರೇನೂ ಅಲ್ಲ, ತೆಗೆಯದೆ ಬಿಟ್ಟ ಹಳೆಯ ಅಪ್‌ಡೇಟುಗಳ ಗುಡ್ಡೆ. ಅದನ್ನು ತೆಗೆದದ್ದಾಯಿತು. ಲಿಫ್ಟಿನವಳು ಏಳಬೇಕು, ಆದರೆ ಏಳಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

“ಅಕ್ಕ, ಇದಕ್ಕೆ ದೂರದಿಂದ ಒಳಗೆ ಬರೋ ದಾರಿ ಮಾಡಿದಾರೆ. ನಿಮಗೆ ಗೊತ್ತಾ?”

“ಇಲ್ವಲ್ಲ.”

ಒಳಗೆ ಬಂದು ಹೋದವರ ಪಟ್ಟಿಯನ್ನು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಅವಳು ಅದನ್ನು ತೆರೆದಳು. ಮಂಗಳವಾರ, ಬೆಳಿಗ್ಗೆ ಒಂಬತ್ತು ಹತ್ತು. ಹಿಂದಿನ ಮಂಗಳವಾರ, ಒಂಬತ್ತು ಇಪ್ಪತ್ತು. ಅದರ ಹಿಂದಿನ ಮಂಗಳವಾರ. ಎಲ್ಲದರ ಮುಂದೆಯೂ ಮೇಷ್ಟ್ರು ತಮಗಾಗಿ ಮಾಡಿಕೊಂಡಿದ್ದ ಖಾತೆಯ ಹೆಸರು. ಬಂದು ಏನು ಮಾಡಿದರು ಎಂಬುದೂ ಆ ಖಾತೆಯಲ್ಲಿ ಸಾಲುಸಾಲಾಗಿ ಉಳಿದಿತ್ತು, ಅಳಿಸುವ ಗೋಜಿಗೂ ಹೋಗಿರಲಿಲ್ಲ. ಪ್ರತಿ ಸಲವೂ ಒಂದೇ ಕೆಲಸ. ‘ಉತ್ತರ’ ಎಂದು ಅಕ್ಕ ಹೆಸರಿಟ್ಟ ಫೋಲ್ಡರಿನಿಂದ ಹೊಸ ಫೈಲೊಂದನ್ನು ನಕಲು ಮಾಡಿಕೊಂಡು ಹೋಗುವುದು.

“ಬ್ಯಾಕಪ್ ಇರಬಹುದು. ಕೆಟ್ಟುಹೋದ್ರೆ ಬೇಕಾಗುತ್ತೆ ಅಂತ,” ಎಂದಳು ಅಕ್ಕ.

“ಬ್ಯಾಕಪ್ ತಗೊಳ್ಳೋರು ಎಲ್ಲಾ ತಗೋತಾರೆ. ಒಂದೇ ಫೈಲ್ ತಗೊಳಲ್ಲ.” ಲಿಫ್ಟಿನವಳು ಕೀಲಿಮಣೆಯ ಮೇಲೆ ಕೈಯಿಟ್ಟು, “ಈಗಲೇ ಈ ದಾರಿ ಮುಚ್ಚಿಬಿಡ್ಲಾ?” ಎಂದಳು.

“ಬೇಡ. ಮೂರು ವಾರ ಇರ್ಲಿ.”

ಅವಳು ಹೋದ ಮೇಲೆ ಅಕ್ಕ ಹೊಸ ಪದಬಂಧವನ್ನು ಮುಂದಿಟ್ಟುಕೊಂಡು ಕೂತಳು. ಅದರಲ್ಲಿ ಒಂದು ಮೂರಕ್ಷರದ ಪದವಿತ್ತು. ಸುಳಿವು: ‘ಹಿಡಿಯಹೋದರೆ ಸಿಗದು, ಬಿಟ್ಟು ನಡೆದರೆ ಜೊತೆ ತಪ್ಪದು.’ ಉತ್ತರ ನೆರಳು. ಶಾಲೆಯ ಮಕ್ಕಳೂ ಹೇಳಿಯಾರು. ಮೊದಲಕ್ಷರದ ಮನೆಗೆ ಮೇಲಿನಿಂದ ಯಾವ ಪದವೂ ಇಳಿದಿರಲಿಲ್ಲ, ಅದನ್ನು ಬದಲಿಸಿದರೂ ಬೇರೆ ಪದ ಕೆಡುವಂತಿರಲಿಲ್ಲ. ಉತ್ತರದ ಫೈಲಿನಲ್ಲಿ ‘ನೆ’ ಅಳಿಸಿ ‘ಕೊ’ ಬರೆದಳು. ಕೊರಳು. ಸರಿಯಾದ ಉತ್ತರವನ್ನು ಕಾಗದದಲ್ಲಿ ಬರೆದು, ತಾನೇ ಪತ್ರಿಕೆಯ ಕಚೇರಿಗೆ ಹೋಗಿ ಕೊಟ್ಟು ಬಂದಳು. ಬರುವಾಗ ದಾರಿಯುದ್ದಕ್ಕೂ ಒಂದೇ ಹಂಬಲ, ಅವರು ನೆರಳು ಎಂದೇ ಬರೆಯಲಿ. ನಾನು ಸಣ್ಣ ಬುದ್ಧಿಯವಳು ಎಂದು ನಾಚಿಕೆಪಟ್ಟುಕೊಳ್ಳುವಂತಾಗಲಿ.

ಎರಡು ವಾರ ಕಳೆದು ಆ ಪದಬಂಧವಿದ್ದ ಪತ್ರಿಕೆ ಬಂತು. ಭಾನುವಾರ ಮೇಷ್ಟ್ರು ಊರಿಂದ ಮರಳಿದ್ದರು. ಎಂದಿನಂತೆ ಸಭೆ ಮುಗಿಯಿತು, ಎಂದಿನಂತೆ ಕಿಟಕಿ ಪಕ್ಕದ ಬೆಂಚು.

“ಈ ಸಲ ಸುಲಭ ಕೊಟ್ಟಿದ್ರಿ ಅನ್ಕೊಂಡೆ, ಆದ್ರೆ ಹನ್ನೊಂದನೇದು ಇದ್ಯಲ್ಲ, ಹಿಡಿಯಹೋದರೆ ಸಿಗದು...”

“ಹ್ಞೂ. ಏನು ಬರೆದ್ರಿ?”

“ಕೊರಳು.” ಮೇಷ್ಟ್ರು ಹೊಟ್ಟೆ ತುಂಬಿದವರಂತೆ ಹಿಂದಕ್ಕೆ ಒರಗಿದರು. “ಕೊರಳು ಅಂದ್ರೆ ದನಿ. ಹಾಡೋರ ದನೀನ ಕೈಯಲ್ಲಿ ಹಿಡಿಯೋಕಾಗುತ್ತಾ? ಎದ್ದು ನಡೆದ್ರೂ ಕಿವೀಲಿ ಜೊತೆಗೇ ಬರುತ್ತೆ. ಬಸ್ಸಲ್ಲಿ ಯಾರೋ ಗುನುಗ್ತಿದ್ರು ಅಕ್ಕಾವ್ರೆ, ಆಗ ಹೊಳೀತು. ಎಂಥ ಸುಳಿವು ಮಾಡಿದೀರಿ.”

ಚೆನ್ನಾಗಿಯೇ ಹೇಳಿದರು. ಅದೇ ಅಕ್ಕನ ಎದೆಗೆ ಚುಚ್ಚಿದ್ದು. ಇಷ್ಟು ಚೆಂದವಾಗಿ ಸುಳ್ಳು ಹೆಣೆಯಬಲ್ಲ ತಲೆಗೆ ನೆರಳು ಹೊಳೆಯಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನೂ ಅವರು ಕೊಟ್ಟಿರಲಿಲ್ಲ. ಏಳನೆಯದು, ಎರಡು ದಿನದ ತಲೆನೋವು, ಹಲ್ಲುಜ್ಜುವಾಗಿನ ಹೊಳಹು, ಎಲ್ಲವೂ ಈ ಬೆಂಚಿಗೆ ಬರುವ ದಾರಿಯಲ್ಲಿ ಕಟ್ಟಿದ ಕಥೆ.

“ಮೇಷ್ಟ್ರೆ, ಅದು ನೆರಳು. ಕೊರಳು ಅಂತ ಬರೆದಿದ್ದು ನನ್ನ ಕಂಪ್ಯೂಟರಲ್ಲಿ ಒಂದೇ ಕಡೆ. ನಾನೇ ಬರೆದಿಟ್ಟಿದ್ದು.”

ಅವರ ಕೈ ಅಂಗಿಯ ಗುಂಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. “ನಾನು ನಿಮ್ಮ ಕಂಪ್ಯೂಟರ್ ಸರಿಯಾಗಿದ್ಯಾ ಅಂತ ನೋಡೋಕೆ...”

“ಪ್ರತಿ ಮಂಗಳವಾರ. ಪಟ್ಟಿ ನೋಡಿದೀನಿ.”

ಕೆಳಗೆ ಗ್ರಂಥಾಲಯದವರು ಕುರ್ಚಿ ಎಳೆಯುವ ಸದ್ದು. ಮೇಷ್ಟ್ರು ತಲೆ ಎತ್ತಲಿಲ್ಲ. “ಮೊದಲ ಸಲ ಸುಮ್ನೆ ನೋಡಿದ್ದು. ಆ ವಾರ ಎಲ್ಲಾ ಸರಿ ಬಂತು ಅಂತ ನಿಮಗೆ ಎಷ್ಟು ಖುಷಿ ಆಯ್ತು... ಆಮೇಲೆ ಮತ್ತೆ ಮೂರು ತಪ್ಪು ಮಾಡೋಕೆ ಮನಸ್ಸಾಗಲಿಲ್ಲ. ನಿಮಗೇನೂ ನಷ್ಟ ಮಾಡಿಲ್ಲ ನಾನು.”

“ಮೂರು ತಪ್ಪು ಮಾಡ್ತಿದ್ದ ಸೀಸಕಡ್ಡಿ ಕಾಗದದ ಮೇಲೆ ತಿಕ್ಕಿತಿಕ್ಕಿ ಯೋಚ್ನೆ ಮಾಡ್ತಿದ್ರು. ಅವರನ್ನ ಎಲ್ಲಿಗೆ ಕಳಿಸಿದ್ರಿ?” ಎಂದಳು ಅಕ್ಕ. ಎದ್ದು ಹೊರಟುಬಿಟ್ಟಳು.

ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕಂಪ್ಯೂಟರ್ ಹಚ್ಚಿದಳು. ಲಿಫ್ಟಿನವಳು ಚೀಟಿಯಲ್ಲಿ ಬರೆದುಕೊಟ್ಟಿದ್ದ ಎರಡು ಸಾಲುಗಳನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿ, ಯಜಮಾನಿಯ ಪಾಸ್‌ವರ್ಡ್ ಕೊಟ್ಟು, ಮೇಷ್ಟ್ರ ಖಾತೆಯನ್ನು ಕಿತ್ತುಹಾಕಿದಳು. ಖಚಿತವೇ ಎಂದು ಅದು ಕೇಳಲೂ ಇಲ್ಲ. ಎರಡು ವರ್ಷ ಮನೆಯೊಳಗಿದ್ದ ಮನುಷ್ಯ ಎರಡು ಸಾಲಿಗೆ ಹೊರಟುಹೋದರು. ತಂಗಿ ಬಂದು ಹೆಗಲ ಮೇಲೆ ಕೈ ಇಟ್ಟಳು.

“ಉತ್ತರ ತಾನೇ ಕದ್ದಿದ್ದು ಅಕ್ಕ. ಹೋಗ್ಲಿ ಬಿಡು.”

ಒಡಹುಟ್ಟಿದವಳೇ ಹೀಗೆನ್ನುವಾಗ ಬೇರೆಯವರಿಗೆ ಏನೆಂದು ಬಿಡಿಸಿ ಹೇಳುವುದು? ಗುಂಪಿನಲ್ಲಿ ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಲಿಫ್ಟಿನವಳು ಹೊರಟಾಗಲೂ ತಡೆದಳು. “ಬೇಡ ತಾಯಿ. ಪದಬಂಧದ ಉತ್ತರ ಕದ್ದರು ಅಂದ್ರೆ ನಗ್ತಾರೆ. ಅವರನ್ನ ನೋಡಿ ನಗಲ್ಲ, ನನ್ನನ್ನ ನೋಡಿ ನಗ್ತಾರೆ.” ರೂಟ್ ವಿಷಯವನ್ನು ಮಾತ್ರ ಲಿಫ್ಟಿನವಳು ಬಿಡಲಿಲ್ಲ. ಹೊಸಬರು ತಮ್ಮ ಪಾಸ್‌ವರ್ಡನ್ನು ತಾವೇ ಹಾಕಿಕೊಂಡು ಎದ್ದು ಹೋಗಬೇಕು ಎಂದು ಹಟ ಹಿಡಿದಳು. ಮೇಷ್ಟ್ರು ಎದುರಾಡಲಿಲ್ಲ. ಎಲ್ಲರಿಗೂ ಆಶ್ಚರ್ಯ. ಅಕ್ಕ ಆ ಮಹಡಿ ಹತ್ತುವುದನ್ನು ಬಿಟ್ಟಿದ್ದರಿಂದ ಅದನ್ನು ಕೇಳಿ ತಿಳಿದಳು.

ಕಂಪ್ಯೂಟರನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಒಮ್ಮೆ ಏನನ್ನೋ ಅಳಿಸಿ ಪರದೆ ಪೂರ್ತಿ ಕಪ್ಪಾಗಿತ್ತು. ಒಂದೂವರೆ ದಿನ ಒದ್ದಾಡಿ ಮತ್ತೆ ತಂದುಕೊಂಡಳು. ಪದಬಂಧವೂ ನಿಂತಿಲ್ಲ. ಆದರೆ ಸುಳಿವುಗಳು ಒಣಗಿದವು. ನಿಘಂಟಿನ ಅರ್ಥವನ್ನು ಹಾಗೇ ಎತ್ತಿಟ್ಟಂತೆ ಇರುತ್ತವೆ, ಸಂಪಾದಕರು ಎರಡು ಸಲ ಫೋನ್ ಮಾಡಿ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ಚೆನ್ನಾಗಿದ್ದೀನಿ ಎಂದಳು. ಅಪರೂಪಕ್ಕೊಮ್ಮೆ ಒಳ್ಳೆಯದೊಂದು ಹೊಳೆದಾಗ ಮನಸ್ಸು ತನಗೆ ತಾನೇ ಆ ಬೆಂಚಿನ ಕಡೆ ಓಡುತ್ತದೆ, ಓಡಿ ಅರ್ಧದಲ್ಲಿ ನಿಲ್ಲುತ್ತದೆ. ಕಳೆದ ತಿಂಗಳು ಚಪ್ಪಲಿ ರಿಪೇರಿ ಅಂಗಡಿಯ ಮುಂದೆ ಮೇಷ್ಟ್ರು ಎದುರಾದರು. ಸಣ್ಣಗಾಗಿದ್ದರು.

“ಎಲ್ಲಾ ಸರಿಯಾಗಿ ನಡೀತಿದ್ಯಾ ಅಕ್ಕಾವ್ರೆ?”

ಕಂಪ್ಯೂಟರಿನ ಮಾತೋ, ಬೇರೆಯದೋ ಎಂದು ಅಕ್ಕ ಕೇಳಲಿಲ್ಲ. “ನಡೀತಿದೆ,” ಎಂದು, ಹೊಲಿಸಿದ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದಳು.