ಒಳಗಿನಿಂದ ತೆರೆಯದ ಬೀರು

ಆ ಬಡಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದೇ ‘ಟಕ್ ಮೇಸ್ತ್ರಿ’ ಎಂದು. ಅವನು ಮಾಡಿದ ಬೀರುವಿನ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದರೆ ಸಾಕು, ಟಕ್ ಎಂದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವನ ಅಪ್ಪನ ಕಾಲದ ಬೀರುಗಳಿಗೆ ತಿರುಗಿಸುವ ಮರದ ತುಂಡೇ ಚಿಲಕ; ಬಾಗಿಲ ಸಂದಿಯಲ್ಲಿ ಜಿರಲೆಗಳು ಸಂಸಾರ ಹೂಡುವಷ್ಟು ಜಾಗ. ಮಗ ಹಿತ್ತಾಳೆಯ ಸ್ಪ್ರಿಂಗ್ ಚಿಲಕ ತಂದ, ಸಂದಿ ಉಳಿಯದಂತೆ ಹಲಗೆ ಕೂಡಿಸಿದ.

“ನನ್ನ ಬೀರುವಿನೊಳಗೆ ಗಾಳೀನೂ ನುಗ್ಗಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಮೂವತ್ತು ವರ್ಷಗಳಲ್ಲಿ ಅಂಥವು ನಲವತ್ತೊಂದು ಮಾಡಿದ. ಮೊದಲನೆಯದನ್ನು ತಂಗಿಯ ಮದುವೆಗೆ ಕೊಟ್ಟಿದ್ದ.

ಒಂದು ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅವಳು ಏದುಸಿರು ಬಿಡುತ್ತಾ ಬಂದಳು.

“ಅಣ್ಣಾ, ಮೊಮ್ಮಗಳು ಎಲ್ಲೂ ಕಾಣ್ತಿಲ್ಲ ಕಣೋ! ಪಕ್ಕದ್ಮನೆ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ಲು. ಎಷ್ಟು ಕೂಗಿದ್ರೂ ಓಗೊಡ್ತಿಲ್ಲ.”

“ಎಷ್ಟೊತ್ತಾಯ್ತು?”

“ಅರ್ಧ ಗಂಟೆ ಆಗಿರ್ಬೇಕು. ಬೀದಿ ಕೊನೆವರ್ಗೂ ನೋಡ್ಬಂದೆ.”

ಮೇಸ್ತ್ರಿ ಬೀದಿಯ ಕಡೆ ತಿರುಗಲೇ ಇಲ್ಲ. ಮದುವೆಗೆ ಕೊಟ್ಟ ಬೀರು ಇದ್ದ ಒಳಕೋಣೆಗೆ ಹತ್ತು ಹೆಜ್ಜೆ ಇರಬಹುದು, ಓಡಿದ. ಬೀರುವಿನ ಹಿಡಿ ತಿರುಗಿಸಲು ಹೋದರೆ ಬೆವರಿದ ಕೈ ಎರಡು ಸಲ ಜಾರಿತು.

ಹುಡುಗಿ ರಜಾಯಿಗಳ ಮೇಲೆ ಮುದುಡಿ ಬಿದ್ದಿದ್ದಳು. ತುಟಿ ಕಪ್ಪಿಟ್ಟಿತ್ತು, ಕೂದಲು ಹಣೆಗೆ ಅಂಟಿತ್ತು. ಅವನು ಬಾಚಿ ಎತ್ತಿಕೊಂಡು ಕಿಟಕಿಯ ಬಳಿಗೆ ಓಡಿದ, ಬೆನ್ನು ತಟ್ಟಿದ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಕೊನೆಗೆ ಮಗು ಕೆಮ್ಮಿತು.

“ಬಾಗಿಲು ಬಡ್ದೆ ತಾತಾ,” ಎಂದಳು, ಕೇಳಿಸದಷ್ಟು ಮೆಲ್ಲಗೆ. “ತುಂಬಾ ಸಲ ಬಡ್ದೆ.”

ಯಾರಿಗೂ ಕೇಳಿಸಿರಲಿಲ್ಲ. ಅಷ್ಟು ದಪ್ಪನೆಯ ಹಲಗೆಯನ್ನು ಅವನೇ ಆರಿಸಿ ತಂದಿದ್ದ.

ವೈದ್ಯರು ನೋಡಿ, ಮಗುವಿಗೆ ಏನೂ ಅಪಾಯವಿಲ್ಲ ಎಂದರು. ಮೇಸ್ತ್ರಿಗೆ ಮಾತ್ರ ಉಳಿದ ನಲವತ್ತು ಮನೆಗಳಲ್ಲಿ ಯಾವ ಮಗು ಯಾವ ಗಳಿಗೆಯಲ್ಲಿ ಒಳಗೆ ಕೂತೀತು ಎಂಬ ದಿಗಿಲು. ಮರುದಿನವೇ ಡ್ರಿಲ್ ಎತ್ತಿಕೊಂಡು ಹೊರಟ. ಬಾಗಿಲಿಗೆ ತೂತು ಕೊರೆದು, ಚಿಲಕ ಕಿತ್ತು, ಒಳಗಿನಿಂದ ತಳ್ಳಿದರೂ ಬಿಟ್ಟುಕೊಳ್ಳುವ ಅಯಸ್ಕಾಂತ ಕೂರಿಸತೊಡಗಿದ.

“ಚಿನ್ನದಂಥ ಬೀರೂಗೆ ತೂತು ಕೊರೀತೀರಲ್ಲ ಮೇಸ್ತ್ರಿ, ತಲೆ ಕೆಟ್ಟಿದ್ಯಾ?” ಎಂದು ಒಬ್ಬ ಮನೆಯಾಕೆ ಅಡ್ಡ ನಿಂತಳು.

“ಹೂಂ ಕಣಮ್ಮ, ಕೆಟ್ಟಿದೆ. ಸ್ವಲ್ಪ ಪಕ್ಕಕ್ಕೆ ಸರೀರಿ.”

ಒಂದು ಮನೆಯವರು ಬೀರು ಗೆದ್ದಲು ಹಿಡಿದು ಒಲೆಗೆ ಹೋಯಿತೆಂದು ಸಂಕೋಚದಿಂದ ಹೇಳಿದಾಗ, “ಒಳ್ಳೇದಾಯ್ತು ಬಿಡಿ” ಎಂದು ಕೈಮುಗಿದುಬಿಟ್ಟ.

ಎರಡು ವರ್ಷ ಹೀಗೇ ಅಲೆದ ಮೇಲೆ ಒಂದೇ ಒಂದು ಉಳಿಯಿತು. ಅದನ್ನು ಮಾಡಿಸಿಕೊಂಡವರು ಮನೆ ಖಾಲಿ ಮಾಡುವಾಗ ಹಳೇ ಸಾಮಾನಿನ ಅಂಗಡಿಗೆ ಹಾಕಿದ್ದರು. ಅಲ್ಲಿಂದ ಯಾರು ಕೊಂಡೊಯ್ದರೋ ಅಂಗಡಿಯವನಿಗೆ ನೆನಪಿಲ್ಲ.

“ಮತ್ತೆ ನಮ್ಮಲ್ಲಿಗೇ ಬಂದ್ರೆ ಹೇಳಿ ಕಳಿಸ್ತೀನಿ, ನೀವು ಹೋಗಿ” ಎನ್ನುತ್ತಾನೆ ಅವನು, ಪ್ರತಿ ವಾರವೂ. ಮೇಸ್ತ್ರಿ ತಲೆಯಾಡಿಸುತ್ತಾನೆ. ಆದರೂ ಹೊರಡುವ ಮೊದಲು ಸಾಲಾಗಿ ನಿಲ್ಲಿಸಿದ ಬೀರುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಾನೆ.